ರಾಜಶ್ರೀಯ ಚೀಟಿ

"ಇನ್ನೊಂಚೂರು ಓರೆ ಮಾಡಿ, ಬಾಗ್ಲಿಗೆ ತಗಲತ್ತೆ!" ಎಂದು ನಂದಕುಮಾರ್ ಕೂಗಿದ. ಶೃತಿ ಬೆಂಚಿನ ತನ್ನ ತುದಿಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಅಂಗಳಕ್ಕಿಳಿದಳು. ಒಳಗೆ ಇನ್ನೂ ನಾಲ್ಕು ಬೆಂಚುಗಳಿದ್ದವು. ಆಸ್ಪತ್ರೆಯಿಂದ ತಿರುಮಲೇಶ ಮೇಷ್ಟ್ರ ದೇಹ ಬರುವಷ್ಟರಲ್ಲಿ ಪಾಠದ ಕೋಣೆ ಖಾಲಿಯಾಗಬೇಕಿತ್ತು.

ಮೇಷ್ಟ್ರಿಗೆ ಮಕ್ಕಳಿರಲಿಲ್ಲ, ನಂದಕುಮಾರ್ ಅವರ ಅಕ್ಕನ ಮಗ. ಸುದ್ದಗುಂಟೆಪಾಳ್ಯದ ಈ ಮುಂಗೋಣೆಯಲ್ಲಿ ಅವರು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದರು. ಭಾನುವಾರ ಮಾತ್ರ ಲೆಕ್ಕವಿಲ್ಲ, ಗುಪ್ತಲಿಪಿ. ಅದಕ್ಕೆ ಫೀಸೂ ಇಲ್ಲ.

"ನನ್ ಮೊಮ್ಮಗಳೂ ಬರ್ತಿದ್ಲು," ಎಂದರು ಪಕ್ಕದ ಮನೆಯ ಗಂಗಾಧರಯ್ಯ, ಹೊರಗೆ ತಂದ ಬೆಂಚಿನ ಮೇಲೆ ಕೂರುತ್ತ. "ಗುಟ್ಟಾಗಿ ಚೀಟಿ ಬರೆದ್ಮೇಲೆ ಅದರ ಹಿಂದೆ ಅದನ್ನ ಬಿಡಿಸೋ ಕೀಲಿಪದಾನೂ ಬರ್ದುಕೊಡ್ಬೇಕಂತೆ. ಅದೆಂಥ ಗುಟ್ಟು ಮೇಷ್ಟ್ರೇ ಅಂದೆ."

"ಮುಂಚೆ ಹಾಗಿರ್ಲಿಲ್ಲ," ಎಂದಳು ಶೃತಿ. ಮತ್ತೊಂದು ಬೆಂಚು ಎತ್ತಲು ಒಳಗೆ ಹೋದಳು.

*

ತೊಂಬತ್ತಾರರ ಫೆಬ್ರವರಿ. ಶೃತಿ ಆಗ ಒಂಬತ್ತನೇ ಕ್ಲಾಸು. ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ಮುಂದಕ್ಕೆ ಸರಿಸುವುದು ಹೇಗೆ, ಯಾವುದನ್ನು ಎಷ್ಟು ಸರಿಸಬೇಕೆಂದು ಕೀಲಿಪದದಿಂದ ತಿಳಿಯುವುದು ಹೇಗೆ, ಇಷ್ಟನ್ನು ಕಲಿಸಿದ ಮೇಷ್ಟ್ರು ಪಂದ್ಯ ಕಟ್ಟಿದರು.

"ಎಲ್ರೂ ಒಂದೊಂದು ಚೀಟಿ ಬರ್ಕೊಡಿ. ಕೀಲಿ ಹೇಳ್ಬೇಡಿ. ಒಂದು ತಿಂಗಳಲ್ಲಿ ಯಾವ್ದಾದ್ರೂ ಒಂದು ನನ್ ಕೈಲಿ ಬಿಡಿಸೋಕಾಗ್ಲಿಲ್ಲ ಅಂದ್ರೆ ಎಲ್ರಿಗೂ ಮಸಾಲೆದೋಸೆ."

ಇಪ್ಪತ್ತೊಂದು ಚೀಟಿಗಳಲ್ಲಿ ಇಪ್ಪತ್ತನ್ನು ಎರಡೇ ವಾರದಲ್ಲಿ ಬಿಡಿಸಿದರು. ಉಳಿದದ್ದು ರಾಜಶ್ರೀಯದು. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಕರೆಪ್ಪನ ಮಗಳು. ಶೃತಿಯ ಪಕ್ಕ ಕೂರುತ್ತಿದ್ದಳು, ಮಾತು ಕಡಿಮೆ. "ನನ್ನೇ ಸೋಲಿಸ್ತೀಯೇನೇ!" ಎಂದು ಮೇಷ್ಟ್ರು ಆ ಚೀಟಿಯನ್ನು ಬೋರ್ಡಿನ ಮೇಲೆ ಬರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರಾಜಶ್ರೀ ತಲೆಯೆತ್ತಲಿಲ್ಲ.

ಅಂದು ಚಪ್ಪಲಿ ಮೆಟ್ಟುವಾಗ ಅವಳು ಶೃತಿಯ ಕೈ ಹಿಡಿದಳು. ಗೇಟಿನಲ್ಲಿ ಕರೆಪ್ಪ ಕಾಯುತ್ತಿದ್ದ.

"ಕೀಲಿ ಲಕ್ಕವ್ವ. ನಮ್ಮ ಆಯಿ, ಅಪ್ಪನ ಅವ್ವನ ಹೆಸರು. ಸರ್‌ಗ ಹೇಳಿಬಿಡು. ಅಪ್ಪ ನಿಂತಾನ, ನಂಗ ಹೇಳಾಕ ಆಗೂದಿಲ್ಲ."

"ಹುಚ್ಚೇನೇ ನಿಂಗೆ? ಇನ್ನೆರಡೇ ವಾರ ಕಣೆ, ದೋಸೆ!"

"ಹೇಳ್ತಿ ಹೌದಿಲ್ಲೋ?"

"ಹೇಳ್ತೀನಿ, ಹೋಗು."

ಹೇಳಲಿಲ್ಲ. ಮುಂದಿನ ಭಾನುವಾರ ರಾಜಶ್ರೀ ಪಾಠಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ಇಪ್ಪತ್ತು ಮಕ್ಕಳು ಮಸಾಲೆದೋಸೆ ತಿಂದರು. ಶೃತಿ ಎರಡು ತಿಂದಳು. ಮೇಷ್ಟ್ರು ಹೋಟೆಲ್ ಬಿಲ್ಲಿನ ಹಿಂಬದಿಯಲ್ಲಿ ಇನ್ನೂ ಅಕ್ಷರ ಕೂಡಿಸುತ್ತಿದ್ದರು.

ಮರುವಾರ ಪಾಠದ ಕೋಣೆಗೆ ಬೀಗ. ಮೇಷ್ಟ್ರ ಹೆಂಡತಿ ಕಮಲಾದೇವಿ ಕಿಟಕಿಯಿಂದ ಹೇಳಿದರು: "ಆ ಚೀಟಿ ಬಿಡಿಸಿದ್ರು. ಆಗಿಂದಾಗ್ಲೇ ಬಸ್ ಹತ್ತಿ ರಾಜಶ್ರೀ ಊರಿಗೆ ಹೋದ್ರು."

ಆ ಸಂಜೆ ಶೃತಿ, ಬೋರ್ಡಿನಿಂದ ಬರೆದುಕೊಂಡಿದ್ದ ಅಕ್ಷರಗಳಿಗೆ ಲಕ್ಕವ್ವನ ಹೆಸರು ಹಚ್ಚಿ ನೋಡಿದಳು. "ಯುಗಾದಿ ಆದ ಕೂಡಲೆ ನನ್ನ ಮದುವೆ. ನನಗೆ ಬೇಡ. ಸರ್, ಅಪ್ಪನಿಗೆ ಹೇಳಿ."

ಯುಗಾದಿ ಕಳೆದು ಹನ್ನೊಂದು ದಿನವಾಗಿತ್ತು.

*

ವ್ಯಾನು ಬನಶಂಕರಿಯ ವಿದ್ಯುತ್ ಚಿತಾಗಾರದ ಕಡೆಗೆ ಹೊರಟಿತು. ಹೆಂಗಸರು ಮನೆ ತೊಳೆದರು. ಕಮಲಾದೇವಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಶೃತಿ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಹತ್ತು ವರ್ಷ, ಪ್ರತಿ ದೀಪಾವಳಿಗೂ ಈ ಮನೆಗೆ ಬಂದು, ಇವತ್ತು ಸಾರ್‌ಗೆ ಹೇಳಿಯೇ ಬಿಡಬೇಕೆಂದುಕೊಂಡು, ಕಾಫಿ ಕುಡಿದು ಎದ್ದುಹೋಗಿದ್ದಳು.

"ಆಂಟಿ, ಆ ಚೀಟಿ ಕೀಲಿ ನನ್ಹತ್ರ ಇತ್ತು. ಸಾರ್‌ಗೆ ಹೇಳು ಅಂತ ರಾಜಶ್ರೀ ಹೇಳಿದ್ಲು. ದೋಸೆ ತಪ್ಪತ್ತೆ ಅಂತ ನಾನು ಹೇಳ್ಲಿಲ್ಲ."

ಕಮಲಾದೇವಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅವರಿಗೆ ಗೊತ್ತಿತ್ತಮ್ಮ."

ಶೃತಿ ಕೂತಲ್ಲೇ ಅವರತ್ತ ತಿರುಗಿದಳು.

"ಅವಳೂರಿಗೆ ಹೋದಾಗ್ಲೇ ಗೊತ್ತಾಯ್ತು. ಮದುವೆಯಾಗಿ ಮೂರು ದಿನ ಆಗಿತ್ತಂತೆ. ಆ ಹುಡುಗಿ ಇವರಿಗೆ ನೀರು ತಂದಿಟ್ಟು, 'ಶೃತಿ ಹೇಳ್ಲಿಲ್ಲೇನ್ರಿ ಸರ್?' ಅಂದ್ಲಂತೆ. ಅಷ್ಟೇ. ನಿನ್ಹತ್ರ ಬಾಯಿಬಿಡಕೂಡ್ದು ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ್ರು. 'ಮಗು, ದೋಸೆಗೆ ಆಸೆಪಟ್ಟಿದೆ. ಪಂದ್ಯ ಕಟ್ಟಿದ್ದು ನಾನಲ್ವಾ' ಅಂತಿದ್ರು. ನಿದ್ದೇಲಿ ಅಕ್ಷರ ಎಣಿಸೋರು. ಮೊನ್ನೆ ಆಸ್ಪತ್ರೇಲೂ ಎಣಿಸ್ತಿದ್ರು. ನರ್ಸು ಜಪ ಅಂದ್ಕೊಂಡ್ಲು."

ಶೃತಿ ಮೊಣಕಾಲಿಗೆ ಹಣೆ ಒತ್ತಿಕೊಂಡಳು. ಎಲ್ಲ ತಿಳಿದೂ ಆ ಮನುಷ್ಯ ಪ್ರತಿ ಸಲವೂ, "ಇನ್ನೊಂದರ್ಧ ಲೋಟ ಕುಡಿಯಮ್ಮ," ಎಂದಿದ್ದರು.

"ರಾಜಶ್ರೀಗೆ ತಿಳಿಸ್ಬೇಕು," ಎಂದರು ಕಮಲಾದೇವಿ. "ಫೋನ್ ಪಕ್ಕದ ಪುಸ್ತಕದಲ್ಲಿ ನಂಬರಿದೆ. ನೀನೇ ಮಾಡು."

ಏಳೆಂಟು ಸಲ ರಿಂಗಾದ ಮೇಲೆ ಹುಡುಗಿಯೊಬ್ಬಳ ಸಣ್ಣ ದನಿ ಕೇಳಿಸಿತು. "ಹಲೋ, ಯಾರ್ರೀ?"

"ರಾಜಶ್ರೀ ಇದ್ದಾಳಾ?"

"ಅವ್ವ ಹೊಲಕ್ಕ ಹೋಗ್ಯಾಳ್ರಿ."

"ಬೆಂಗಳೂರಿನ ಮೇಷ್ಟ್ರು ತೀರಿಕೊಂಡ್ರು ಅಂತ ಅಮ್ಮಂಗೆ ಹೇಳ್ತೀಯಾ ಪುಟ್ಟಾ?"

"ಹೂಂರಿ. ಯಾರು ಹೇಳಿದ್ರು ಅನ್ಲಿ?"

ಶೃತಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. "ಶೃತಿ."

"ತಡೀರಿ, ಬರಕೊಂತೀನಿ. ಪೆನ್ನಿಲ್ಲ, ಗ್ವಾಡಿ ಮ್ಯಾಲ ಬರೀತೀನಿ." ಇದ್ದಿಲು ಗೋಡೆಗೆ ಕೆರೆಯುವ ಸದ್ದು ಬಂತು. "ಶೃ ಹೆಂಗ ಬರೀಬೇಕ್ರಿ?"

"ಶಕ್ಕೆ ವಟ್ರಸುಳಿ," ಎಂದಳು ಶೃತಿ. "ಆಮೇಲೆ ತಕ್ಕೆ ಗುಡಿಸು."

"ಆತ್ರಿ. ದೊಡ್ಡಕ್ಷರದಾಗ ಬರದೀನಿ," ಎಂದಿತು ಮಗು. "ಅವ್ವ ಬಾಗಲಾ ದಾಟಿದ ಕೂಡ್ಲೇ ಕಾಣ್ತೈತಿ."