ಐದನೇ ಹಾಳೆ

ಕಡತ ಹಿಡಿದು ಸಚಿವರ ಕೊಠಡಿಗೆ ಹೋದ ಗುಮಾಸ್ತೆಗೆ ಕೂರಲು ಯಾರೂ ಹೇಳಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಸಾಹುಕಾರರು ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕಾಲು ಮಡಚಿ ತಮ್ಮ ಮನೆಯ ಹಾಗೆ ಕೂತಿದ್ದರು. ಚುನಾವಣೆಯಲ್ಲಿ ಪಕ್ಷಕ್ಕೆ ಕೈಬಿಚ್ಚಿ ಕೊಟ್ಟವರು ಅವರೇ ಎಂಬುದು ಕಚೇರಿಯ ಕಸ ಗುಡಿಸುವವಳಿಗೂ ಗೊತ್ತಿತ್ತು.

"ಏನಮ್ಮ, ಐದನೇ ಹಾಳೆ ನಮ್ಮ ಸಾಹುಕಾರರಿಗೆ ನಿದ್ದೆ ಕೆಡಿಸ್ತಿದೆಯಂತೆ," ಎಂದರು ಸಚಿವರು. "ಬೇರೆ ಬರೆದು ಸೇರಿಸ್ಬಿಡು."

ಕಾರ್ಖಾನೆಯ ಹಳೇ ಬಾಯ್ಲರನ್ನು ಕೂಡಲೇ ನಿಲ್ಲಿಸಬೇಕೆಂದು ತಪಾಸಣೆಯ ಅಧಿಕಾರಿ ಹೇಳಿದ್ದು ಆ ಹಾಳೆಯಲ್ಲಿತ್ತು. ಅದೇ ಬಾಯ್ಲರಿನ ಪಕ್ಕ ನಿಂತು ಬಟ್ಟೆ ಅದ್ದುವ ಕೆಲಸ ಗುಮಾಸ್ತೆಯ ತಂಗಿಯದು.

"ಆಗಲ್ಲ ಸಾರ್. ಯಾರೂ ಹಾಳೆ ಬದಲಿಸಬಾರದು ಅಂತ ನಮ್ಮ ವಿಭಾಗದಲ್ಲಿ ಹಾಳೆಯ ಕೊನೆಗೆ ವಾಕ್ಯ ಮುಗಿಸಲ್ಲ. ನಾಲ್ಕರ ಅಡಿಯಲ್ಲಿ 'ತಳದಲ್ಲಿ ಗೇಣುದ್ದ ಸೀಳು' ಅಂತಿದೆ, 'ಕಂಡುಬಂದಿರುವುದರಿಂದ' ಅಂತ ಐದು ಶುರುವಾಗುತ್ತೆ. ಒಂದು ಕಿತ್ತರೆ ಎಲ್ಲಾ ಬರೀಬೇಕು. ಪ್ರತಿ ಹಾಳೆಗೂ ತಪಾಸಣೆ ಮಾಡಿದ ಅಧಿಕಾರಿಯ ಸಹಿ ಬೇಕು. ಅವರು ಹೋದ ತಿಂಗಳು ತೀರಿಕೊಂಡ್ರು."

"ಇನ್ನೂ ಸುಲಭ ಆಯ್ತಲ್ಲಮ್ಮ," ಎಂದರು ಸಾಹುಕಾರರು. "ಸತ್ತವರು ಎದ್ದು ಬಂದು ನಂದಲ್ಲ ಅಂತಾರಾ?"

ಇಬ್ಬರೂ ಹೊಟ್ಟೆ ಕುಲುಕಿಸಿ ನಕ್ಕರು. ಆ ನಗು ಅವಳ ಮೈಗೆ ಕೆಂಡದಂತೆ ತಾಗಿತು.

"ಹೋಗ್ಲಿ," ಸಚಿವರು ಕಣ್ಣೊರೆಸಿಕೊಂಡರು. "ನಿನ್ನ ಮೇಜಿಂದ ಕಡತ ಕಳೆದುಹೋಯ್ತು ಅಂತ ಬರೆದುಕೊಡು. ಒಂದು ನೋಟಿಸು ಬರುತ್ತೆ, ಅಷ್ಟೇ. ಇದನ್ನ ಇಲ್ಲೇ ಇಟ್ಟು ಹೋಗು."

ಒಂದು ಮಾತಾಡಬೇಕಾದರೆ ಹತ್ತು ಸಲ ಅಳೆಯುವ ಹೆಂಗಸು ಅವಳು. ಅಂದು ಅಳೆಯಲಿಲ್ಲ.

"ಇಟ್ಟು ಹೋಗ್ತೀನಿ ಸಾರ್. ಕಡತ ಯಾರ ಕೈಗೆ ಹೋಯ್ತು ಅಂತ ಬರೆಯೋ ಈ ಪುಸ್ತಕದಲ್ಲಿ, ತಗೊಂಡಿದ್ದೀವಿ ಅಂತ ಸಹಿ ಹಾಕಿ. ಸಾಹುಕಾರರೂ ಸಾಕ್ಷಿ ಹಾಕ್ಲಿ."

ಚಾಚಿದ ಪೆನ್ನನ್ನು ಯಾರೂ ಮುಟ್ಟಲಿಲ್ಲ. ಸಾಹುಕಾರರು ಬಗ್ಗಿ ಚಪ್ಪಲಿ ಹುಡುಕತೊಡಗಿದರು.

"ನಿನ್ನ ಕುರ್ಚಿಯಲ್ಲಿ ಎಷ್ಟು ದಿನ ಇರ್ತೀಯೋ ನೋಡ್ತೀನಿ," ಎಂದರು ಸಚಿವರು.

"ನೋಡಿ ಸಾರ್," ಎಂದು ಅವಳು ಕಡತವನ್ನು ಎದೆಗವಚಿಕೊಂಡು ಹೊರಬಿದ್ದಳು. ಎರಡು ಮಹಡಿ ಹತ್ತಿ, ಕಾರ್ಖಾನೆ ಮುಚ್ಚಿಸುವ ಅಧಿಕಾರವಿದ್ದ ಕಾರ್ಯದರ್ಶಿಯ ಕಚೇರಿಗೆ ಅದನ್ನು ಒಪ್ಪಿಸಿ, ಪುಸ್ತಕದಲ್ಲಿ ಮೊಹರು ಹಾಕಿಸಿದಳು.

"ಸಾಹೇಬ್ರು ನಾಳಿದ್ದು ನೋಡ್ತಾರೆ," ಎಂದ ಅಲ್ಲಿಯವನು, ತಲೆಯೆತ್ತದೆ.

ನಾಳಿದ್ದು. ಅವಳು ಪಡಸಾಲೆಯಲ್ಲೇ ನಿಂತು ತಂಗಿಗೆ ಫೋನು ಹಚ್ಚಿದಳು. ಹದಿನೈದು ವರ್ಷದಲ್ಲಿ ಕಚೇರಿಯ ಒಂದಕ್ಷರವನ್ನೂ ಮನೆಗೆ ಒಯ್ದವಳಲ್ಲ.

"ಬಾಯ್ಲರ್ ಉರೀತಿದೆಯೇನೇ?"

"ಬೆಳಗ್ಗಿಂದ. ಯಾಕಕ್ಕ?"

"ಹೊರಗೆ ಬಾ. ಜೊತೆಯವರನ್ನೆಲ್ಲ ಕರ್ಕೊಂಡು ಬಾ, ಈಗಲೇ."

"ಮೇಸ್ತ್ರಿ ಸುಮ್ನೆ ಬಿಡ್ತಾನಾ? ಯಾರು ಹೇಳಿದ್ದು ಅಂತಾನೆ."

ಅತ್ತಿತ್ತ ಓಡಾಡುವವರು ನಿಂತು ನೋಡುತ್ತಿದ್ದರು. ಅವಳು ದನಿ ತಗ್ಗಿಸಲಿಲ್ಲ.

"ನಿಮ್ಮಕ್ಕ ಹೇಳಿದ್ಲು ಅನ್ನು. ತಳ ಗೇಣುದ್ದ ಸೀಳಿದೆ ಅನ್ನು. ಸಾಹುಕಾರನಿಗೂ ಗೊತ್ತು, ಮಂತ್ರಿಗೂ ಗೊತ್ತು, ನಿಮಗೆ ಮಾತ್ರ ಗೊತ್ತಿರಲಿಲ್ಲ ಅನ್ನು."