ಹೊಳೆಯಾಚೆಯ ಹೆರಿಗೆ

ಹರಿಹರದ ಒಂದು ಸರ್ಕಾರಿ ಕಛೇರಿಯಲ್ಲಿ ಸಣ್ಣಬೀರಪ್ಪ ಹಂಗಾಮಿ ಜವಾನನಾಗಿ ಮೂರು ವರ್ಷ ದುಡಿದಿದ್ದ. ಯಾವ ಕಡತ ಯಾವ ಕಪಾಟಿನಲ್ಲಿದೆ, ಸಾಹೇಬರು ಯಾವ ಹೊತ್ತಿಗೆ ಸಿಡುಕುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ೧೯೫೪ರ ಬೇಸಿಗೆಯಲ್ಲಿ ದಾವಣಗೆರೆಯ ದೊಡ್ಡ ಕಛೇರಿಯಿಂದ ಹುಕುಂ ಬಂತು. ಜವಾನನ ಜಾಗ ಖಾಯಂ ಆಗುತ್ತದೆ, ಆದರೆ ಮೈಸೂರು ರಾಜ್ಯದಲ್ಲಿ ಹುಟ್ಟಿದ ಸ್ಥಳೀಯನಿಗೆ ಮಾತ್ರ. ಸಣ್ಣಬೀರಪ್ಪನಿಗೆ ಹಿಗ್ಗೋ ಹಿಗ್ಗು. ಮುತ್ತಜ್ಜನ ಕಾಲದಿಂದ ಹರಿಹರದಲ್ಲೇ ಬೇರುಬಿಟ್ಟ ಮನೆತನ. ತನಗಲ್ಲದೆ ಇನ್ಯಾರಿಗೆ ಸಿಕ್ಕೀತು?

ಹೆಡ್ ಗುಮಾಸ್ತ ಲಿಂಗಣ್ಣನವರು ಅರ್ಜಿ ತುಂಬಲು ಕೂತು, "ಹುಟ್ಟಿದ್ದೆಲ್ಲಿ?" ಎಂದರು. ಇವನು ಹೊಳೆಯಾಚೆಗಿದ್ದ ತಾಯಿಯ ತವರೂರಿನ ಹೆಸರು ಹೇಳಿದ. ಲಿಂಗಣ್ಣನವರು ಪೆನ್ನು ಕೆಳಗಿಟ್ಟರು.

"ಹೊಳೆ ದಾಟಿದ್ರೆ ಮುಂಬೈ ಸರ್ಕಾರ ಅಲ್ಲೇನೋ. ನೀನು ಆ ಸೀಮೆಯವನಾದೆ."

"ಚೊಚ್ಚಲ ಹೆರಿಗೆ ತವರಾಗೇ ಆಗೋದಲ್ರಿ ಸಾರ್. ಐದು ತಿಂಗ್ಳ ಕೂಸಾಗಿ ಈಚೆ ಬಂದೀನಿ."

"ಅದನ್ನ ಬರಿಯಾಕೆ ಇದ್ರಾಗೆ ಜಾಗ ಇಲ್ಲಪ್ಪ."

"ಮತ್ತೆ ನೀವೆಲ್ಲಿ ಹುಟ್ಟಿದ್ರಿ?"

"ನಮ್ಮವ್ವಗೆ ನಾನು ಮೂರನೇವ್ನು. ಇಲ್ಲೇ ಹುಟ್ಟಿ ಬಚಾವಾದೆ."

ಸಣ್ಣಬೀರಪ್ಪ ರೈಲು ಹತ್ತಿ ದಾವಣಗೆರೆಗೂ ಹೋಗಿ ಕೈಮುಗಿದ. ಅಲ್ಲಿಯವರು ಅವನ ಮುಖ ನೋಡದೆ ಜನನದ ದಾಖಲೆ ನೋಡಿದರು. ಮನೆಗೆ ಬಂದವನು ರೊಟ್ಟಿ ತಟ್ಟುತ್ತಿದ್ದ ತಾಯಿಯ ಮೇಲೆ ಹರಿಹಾಯ್ದ.

"ಯವ್ವಾ, ಈಚೆ ದಂಡೆ ಮ್ಯಾಲೆ ಹಡಿಯಾಕೆ ನಿಂಗೇನಾಗಿತ್ತು?"

ಹಂಪವ್ವನ ಕೈ ನಿಂತಿತು. "ನಮ್ಮವ್ವನ ಹತ್ರ ಹೋಗಿ ಹಡೆದ್ರೆ ಸರ್ಕಾರಕ್ಕೇನು ಕಷ್ಟ ಮಗಾ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಡಿದ ಮಾತಿಗೆ ಅವನಿಗೆ ನಾಚಿಕೆಯಾಯಿತು. ಆದರೂ ತಪ್ಪು ಯಾರದೆಂಬುದು ತಿಳಿಯಲಿಲ್ಲ. ಸೇತುವೆಯ ಮೇಲೆ ಹೋಗಿ ನಿಂತ. ನೂರಾರು ಸಲ ದಾಟಿದ ಸೇತುವೆ. ಎಲ್ಲಿಗೆ ಬಂದರೆ ತಾನು ಪರಸ್ಥಳದವನಾಗುತ್ತೇನೆ ಎಂಬುದು ಎಷ್ಟು ದಿಟ್ಟಿಸಿದರೂ ಕಾಣಲಿಲ್ಲ.

ತಿಂಗಳ ಮೇಲೆ ಖಾಯಂ ಜವಾನ ಬಂದ. ಹೆಸರು ಮೈಲಪ್ಪ, ಹುಟ್ಟಿದ್ದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ಅದು ಅವನ ತಾಯಿಯ ತವರು. ಬೆಳೆದದ್ದು, ಮನೆ, ಹೊಲ ಎಲ್ಲ ಹೊಳೆಯಾಚೆ ರಾಣೆಬೆನ್ನೂರಿನಲ್ಲಿ. ಆ ದಿನವೂ ಅಲ್ಲಿಂದಲೇ ಸೇತುವೆ ದಾಟಿ ಬಂದಿದ್ದ.

ಸಣ್ಣಬೀರಪ್ಪ ಲಿಂಗಣ್ಣನವರ ಮುಖ ನೋಡಿದ. ಅವರು ರಿಜಿಸ್ಟರಿನ ಹಾಳೆ ಮಗುಚುತ್ತ, "ಕಾಗದದಾಗೆ ಎಲ್ಲ ಸರಿ ಐತಪ್ಪ," ಎಂದರು. ಆಮೇಲೆ ದನಿ ತಗ್ಗಿಸಿ, "ಪಾಪ, ಊರು ಅವ್ನಿಗೆ ಹೊಸದು. ನೀನು ಬಿಟ್ಟು ಹೋಗೋದ್ರೊಳಗೆ ಒಂದ್ಸಲ ಎಲ್ಲಾ ತೋರ್ಸಿಬಿಡು," ಎಂದರು.

ಸಿಟ್ಟು ನೆತ್ತಿಗೇರಿದರೂ ಸಣ್ಣಬೀರಪ್ಪ ತೋರಿಸಿದ. ಅಂಚೆ ಕಛೇರಿ, ಖಜಾನೆ, ಸಾಹೇಬರ ಮನೆಗೆ ಹೋಗುವ ಒಳದಾರಿ. ಮೈಲಪ್ಪ ಸಂಭಾವಿತ, ಅವನನ್ನು ಬೈಯಲೂ ಬಾಯಿ ಬಾರದು. ಸುತ್ತಿ ಸುತ್ತಿ ಬೆವರೊರೆಸಿಕೊಳ್ಳುತ್ತ ಕೇಳಿದ: "ಬಾಳ ಉಪಕಾರ ಆತ್ರಿ ಅಣ್ಣಾರ. ನೀವು ಇದೇ ಊರಿನವ್ರೇನ್ರಿ?"

ಸಣ್ಣಬೀರಪ್ಪ ಕಛೇರಿಯ ಕಡೆ ತಿರುಗಿದ.

"ಲಿಂಗಣ್ಣನೋರನ್ನ ಕೇಳಿ ಹೇಳ್ತೀನ್ರಿ," ಎಂದ.