ಸಣಕಲು ಪೈರು

ನಾಲೆ ಬರುವ ತನಕ ಆ ಊರಿನವರು ಕಂಡಿದ್ದು ರಾಗಿ ಹೊಲವೊಂದನ್ನೇ. ಎರಡನೆಯ ಮಹಾಯುದ್ಧ ಶುರುವಾದ ವರ್ಷ ಮಂಡ್ಯದ ಪಕ್ಕದ ಆ ಊರಿಗೂ ನೀರು ಬಿಟ್ಟರು. ನೀರು ಬಂದ ಮಾತ್ರಕ್ಕೆ ಬುದ್ಧಿ ಬರುತ್ತದೆಯೇ? ಭತ್ತದ ಬೇಸಾಯ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ. ಅದರಲ್ಲಿ ಪಟ್ಟಲಮ್ಮ ಎಲ್ಲರಿಗಿಂತ ಒಂದು ಕೈ ಮೇಲು.

ಅವಳ ಸೊಸೆ ಮಲ್ಲಿಗಮ್ಮ ಪೂರಿಗಾಲಿ ಕಡೆಯವಳು. ಅಪ್ಪನ ಕೆರೆಗದ್ದೆಯಲ್ಲಿ ಕಳೆ ಕೀಳುತ್ತಲೇ ಬೆಳೆದವಳು. ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅತ್ತೆಗೋ ತನ್ನ ಅಣ್ಣನ ಮಗಳನ್ನು ಮನೆಗೆ ತಂದುಕೊಳ್ಳುವ ಆಸೆ. ಒಂದು ನೆಪ ಸಿಕ್ಕರೆ ಸಾಕು, ತನ್ನನ್ನು ತವರಿಗೆ ಅಟ್ಟುತ್ತಾರೆ ಎಂದು ಮಲ್ಲಿಗಮ್ಮನಿಗೆ ಗೊತ್ತಿತ್ತು. ಅದಕ್ಕೇ ಹೊಸ ಗದ್ದೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ಆ ಮನೆಯಲ್ಲಿ ಅವಳೊಬ್ಬಳಿಗೇ ತಿಳಿದ ಕೆಲಸ ಅದೊಂದೇ.

ಕಳೆ ಕೀಳುವ ದಿನ ಬಂತು. ಊರಲ್ಲಿ ಕೂಲಿಯಿಲ್ಲ, ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ಮನೆಯ ಸೊಸೆ ಮೊದಲ ಬುಡ ಕಿತ್ತು ಬದುವಿನ ಮೇಲಿಡಬೇಕು, ಉಳಿದವರು ಅದನ್ನು ನೋಡಿಕೊಂಡು ಅಂಥದ್ದನ್ನೇ ಕೀಳಬೇಕು. ರಾಗಿ ಹೊಲದಿಂದ ಬಂದ ಪದ್ಧತಿ ಅದು.

ಗದ್ದೆಯಲ್ಲಿ ಭತ್ತದ ಜೊತೆ ಸಾವೆ ಹುಲ್ಲೂ ಎದ್ದಿತ್ತು. ಪೈರಿನ ಕಟ್ಟಿನಲ್ಲಿ ಸೇರಿಕೊಂಡು ಬಂದು ಪೈರಿನ ಜೊತೆಗೇ ನಾಟಿಯಾದ ಹುಲ್ಲು. ಅದೇ ಎಲೆ, ಅದೇ ಹಸಿರು. ಹುಲ್ಲು ದಷ್ಟಪುಷ್ಟವಾಗಿತ್ತು, ಭತ್ತ ಸಣಕಲು.

ಮಲ್ಲಿಗಮ್ಮ ಬಗ್ಗಿ ಒಂದು ದಪ್ಪ ಬುಡಕ್ಕೆ ಕೈ ಹಾಕಿದಳು.

"ಅಯ್ಯೋ, ಒಳ್ಳೇದ್ನೇ ಕೀಳ್ತೀಯಲ್ಲಮ್ಮಿ! ಸಣಕ್ಲುದ್ನ ಕಿತ್ತಾಕು!" ಎಂದು ಪಟ್ಟಲಮ್ಮ ಕೂಗಿದಳು.

"ಸಣಕ್ಲೇ ಬತ್ತ ಕಣತ್ತೆ. ಇಲ್ನೋಡಿ, ಎಲೆ ಕಡ್ಡಿಗೆ ಸೇರೋ ತಾವ ಬಿಳೀ ಪೊರೆ ಐತಲ್ಲ, ಅದು ಬತ್ತ. ಈ ದಪ್ಪಂದ್ರಲ್ಲಿ ಏನೂ ಇಲ್ಲ, ಬೋಳು. ಇದು ಸಾವೆ ಉಲ್ಲು."

ಪಕ್ಕದಲ್ಲಿದ್ದ ನೆರೆಮನೆಯ ಅಂಕಮ್ಮ ಬಗ್ಗಿ ನೋಡಿದಳು. ಪೊರೆ ಅವಳಿಗೂ ಕಂಡಿತು. ಪಟ್ಟಲಮ್ಮ ಮಾತ್ರ ಅತ್ತ ಕಣ್ಣೇ ಹಾಯಿಸಲಿಲ್ಲ.

"ನಲ್ವತ್ತು ವರ್ಸ ರಾಗಿ ಬೆಳ್ದಿವ್ನಿ. ಬಡಕ್ಲುದ್ನ ಕಿತ್ತು ದಪ್ಪಂದ ಉಳ್ಸೋದು ನಂಗೊತ್ತಿಲ್ವಾ? ನೆನ್ನೆ ಬಂದೋಳು ನಂಗೆ ಬೇಸಾಯ ಏಳ್ಕೊಡ್ತಾಳೆ! ಮಡ್ಲು ತುಂಬ್ದಿದ್ರೂ ಮಾತ್ಗೇನೂ ಕಮ್ಮಿ ಇಲ್ಲ."

ಮಲ್ಲಿಗಮ್ಮ ಬದುವಿನ ಮೇಲೆ ಸನಿಕೆ ಹಿಡಿದು ನಿಂತಿದ್ದ ಗಂಡ ಹೊನ್ನಯ್ಯನನ್ನು ನೋಡಿದಳು.

"ಅವ್ವ ಏಳ್ದಂಗೆ ಮಾಡಮ್ಮಿ, ಬುಡು ಅತ್ಲಾಗೆ," ಎಂದು ಅವನು ನೀರು ತಿರುಗಿಸಲು ಹೋದ.

ಅವಳು ಅಳುತ್ತಲೇ ಒಂದು ಸಣಕಲು ಪೈರು ಕಿತ್ತು ಬದುವಿನ ಮೇಲಿಟ್ಟಳು. ಸಂಜೆಯ ಹೊತ್ತಿಗೆ ಭತ್ತವೆಲ್ಲ ಅದರ ಪಕ್ಕದಲ್ಲಿ ಬಾಡುತ್ತಿತ್ತು. ಗದ್ದೆಯಲ್ಲಿ ಹುಲ್ಲು ನೆಮ್ಮದಿಯಾಗಿ ನಿಂತಿತ್ತು. ಎಂಥ ಪೈರು ಎಂದು ಪಟ್ಟಲಮ್ಮ ಹಿಗ್ಗಿಹೋದಳು.

ಮಾರನೆಯ ದಿನ ಅಂಕಮ್ಮನ ಗದ್ದೆಗೆ ಮುಯ್ಯಾಳಾಗಿ ಮಲ್ಲಿಗಮ್ಮನೇ ಹೋದಳು. ಅಂಕಮ್ಮ ಅವಳ ಕೈಯಲ್ಲೇ ಮೊದಲ ಬುಡ ಕೀಳಿಸಿದಳು. ಅದು ದಪ್ಪಗಿತ್ತು. ಉಳಿದ ಹೆಂಗಸರು ಗದ್ದೆಯವಳು ತೋರಿಸಿದ್ದನ್ನು ಕಿತ್ತರು.

ತೆನೆ ಬಂದಾಗ ಪಟ್ಟಲಮ್ಮನ ಗದ್ದೆಯ ತುಂಬ ಕೆಂಪು ಸಾವೆ. ಮುಟ್ಟಿದರೆ ಕಾಳು ಉದುರಿ ಕೆಸರು ಸೇರುತ್ತಿತ್ತು. ಊರೇ ನೋಡಲು ಬಂತು. ಪಟ್ಟಲಮ್ಮ ಎದೆ ಎದೆ ಬಡಿದುಕೊಂಡಳು.

"ಮೊದ್ಲ ಬುಡ ಕಿತ್ತೋಳು ಇವ್ಳೇ ಕಣ್ರಪ್ಪ! ಇವ್ಳ ಕೈಗುಣ ನೋಡಿ, ಬತ್ತ ಓಗಿ ಉಲ್ಲಾಯ್ತು!"

ಮಲ್ಲಿಗಮ್ಮ ಅಂಕಮ್ಮನ ಕೈ ಹಿಡಿದುಕೊಂಡಳು. "ಅಂಕಕ್ಕ, ನೀವೇ ಕೇಳುಸ್ಕಂಡ್ರಲ್ಲ. ನಾನು ಬ್ಯಾಡ ಅಂದ್ನಲ್ಲ. ಒಂದ್ಮಾತು ಏಳಿ, ನನ್ ಬಾಳು ಉಳೀತದೆ."

ಮುಂದಿನ ವಾರ ಅಂಕಮ್ಮನ ಕೊಯ್ಲು. ಪಟ್ಟಲಮ್ಮನ ಮನೆಯಿಂದ ಆಳು ಬರಬೇಕಿತ್ತು.

"ನಂಗೊತ್ತಿಲ್ಲ ಕಣವ್ವ. ನಾನು ಆ ತುದೀಲಿದ್ದೆ," ಎಂದು ಅಂಕಮ್ಮ ಕೈ ಬಿಡಿಸಿಕೊಂಡಳು.

ಹೊನ್ನಯ್ಯ ಅಂದೇ ಗಾಡಿ ಕಟ್ಟಿದ. ಮಲ್ಲಿಗಮ್ಮನನ್ನು ತವರಿನ ಬಾಗಿಲಲ್ಲಿ ಇಳಿಸಿ, ಒಳಗೂ ಹೋಗದೆ ಹಿಂದಿರುಗಿದ.

ಮರುವರ್ಷ ಕಳೆ ಕೀಳುವ ಹೊತ್ತಿಗೆ ಅಣ್ಣನ ಮಗಳು ಚಿಕ್ಕನಂಜಮ್ಮ ಸೊಸೆಯಾಗಿ ಬಂದಿದ್ದಳು. ಪಟ್ಟಲಮ್ಮ ಅವಳನ್ನು ಪಕ್ಕಕ್ಕೆ ಕರೆದು ಒಂದು ಪೈರು ಬಗ್ಗಿಸಿ ತೋರಿಸಿದಳು.

"ಇಲ್ನೋಡು ಮಗ, ಎಲೆ ಸೇರೋ ತಾವ ಬಿಳೀ ಪೊರೆ ಐತಲ್ಲ, ಅದು ಬತ್ತ. ಬೋಳಾಗಿರೋದ್ನ ಕೀಳು."

"ಇದ್ನೆಲ್ಲ ನಿಂಗೆ ಯಾರತ್ತೆ ಏಳ್ಕೊಟ್ಟಿದ್ದು?"

"ಯಾರ್ ಏಳ್ಕೊಡ್ಬೇಕಮ್ಮಿ? ನಲ್ವತ್ತು ವರ್ಸದ ಬೇಸಾಯ ಕಣೇ ಇದು."

ಬದುವಿನ ಮೇಲಿದ್ದ ಹೊನ್ನಯ್ಯನಿಗೆ ಎಲ್ಲವೂ ಕೇಳಿಸಿತು. ಅವನು ತಲೆ ತಗ್ಗಿಸಿ ನೀರು ತಿರುಗಿಸಲು ಹೋದ.

ಆ ವರ್ಷ ಭತ್ತ ಚೆನ್ನಾಗಿ ಬಂತು. ಹೊಸ ಸೊಸೆಯ ಕೈಗುಣ ಎಂದು ಊರೆಲ್ಲ ಹೊಗಳಿತು. ಎಲ್ಲರಿಗಿಂತ ಜೋರಾಗಿ ಹೊಗಳಿದವಳು ಅಂಕಮ್ಮ.